ವನಗೂರಿನಿಂದ ಕಡಲಿಗೆ, ಕುದುರೆಯ ಹೆಜ್ಜೆಯಲ್ಲಿ

ಸಕಲೇಶಪುರದಿಂದ ಹೆತ್ತೂರು ದಾಟಿ ವನಗೂರು ಕೂಡುರಸ್ತೆ ಮುಟ್ಟಿದರೆ ಮುಂದಿನದು ಬಿಸ್ಲೆ ದಾರಿ. ಬಿಸ್ಲೆ ಆದ ಮೇಲೆ ಘಟ್ಟ. ಘಟ್ಟ ಇಳಿದರೆ ಕುಲ್ಕುಂದ, ಅದರ ಮಗ್ಗುಲಿಗೇ ಕುಕ್ಕೆ ಸುಬ್ರಹ್ಮಣ್ಯ. ಅಲ್ಲಿಂದಾಚೆ ಕಡಬ, ಆಲಂಕಾರು, ಉಪ್ಪಿನಂಗಡಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುತ್ತದೆ. ಆ ಹೊಳೆಯ ದಂಡೆ ಹಿಡಿದರೆ ಬಂಟ್ವಾಳ, ಕೊನೆಗೆ ಉಳ್ಳಾಲದ ಅಳಿವೆ. ಒಟ್ಟು ದೂರ ಸುಮಾರು 150 ಕಿ.ಮೀ. ಕಾರಿನವರಿಗೆ ಇದು ಅರ್ಧ ದಿನದ ಕೆಲಸ. ಕುದುರೆಯವರಿಗೆ ಆರು ದಿನದ್ದು.

ಬೆಟ್ಟದಿಂದ ಕಡಲಿಗೆ ಹಲವು ದಿನಗಳ ಕುದುರೆ ಸವಾರಿ ಎಂದರೆ ನಮ್ಮವರಿಗೆ ಸ್ಪೇನೋ ಐಸ್‌ಲ್ಯಾಂಡೋ ನೆನಪಾಗುತ್ತದೆ. ಹಾಸನ ಜಿಲ್ಲೆಯ ಪಡುವಣ ಅಂಚು ನೆನಪಾಗುವುದಿಲ್ಲ. ಆದರೆ ಇಳಿಜಾರು, ಹೊಳೆ, ತಂಗುವ ಊರು, ಕೊನೆಯಲ್ಲಿ ಉಪ್ಪುನೀರು, ಇಂಥ ಪಯಣಕ್ಕೆ ಬೇಕಾದದ್ದೆಲ್ಲ ಇಲ್ಲಿ ಒಂದೇ ದಾರಿಯಲ್ಲಿದೆ. ಮಿಗಿಲಾಗಿ, ಇದು ಪ್ರಾಣಿಗಳ ಕಾಲಿನಿಂದಲೇ ಸವೆದ ದಾರಿ. ಮಲೆನಾಡಿನಲ್ಲಿ ಹೋಮ್‌ಸ್ಟೇಗಳು ಹೆಚ್ಚಾಗಿ, ವನಗೂರು ಬಳಿಯ ಪಟ್ಲ ಬೆಟ್ಟಕ್ಕೆ ವಾರಾಂತ್ಯದಲ್ಲಿ ಜೀಪುಗಳ ಸಾಲು ಹತ್ತುತ್ತಿರುವ ಈ ಕಾಲದಲ್ಲಿ, ಕುದುರೆ ಸವಾರಿಯನ್ನೂ ಒಂದು ಪ್ಯಾಕೇಜ್ ಮಾಡೋಣ ಎಂದು ಯಾರಾದರೂ ಹೊರಡುವುದಕ್ಕೆ ಬಹಳ ದಿನ ಬೇಕಿಲ್ಲ. ಅದಕ್ಕೆ ಮೊದಲು ಈ ಘಟ್ಟಕ್ಕೂ ನಾಲ್ಕು ಕಾಲಿನ ಜೀವಕ್ಕೂ ಇದ್ದ ಲೆಕ್ಕಾಚಾರ ಏನು ಎಂಬುದು ತಿಳಿದಿರಬೇಕು. ಆ ಲೆಕ್ಕ ಮೀರಿದರೆ ಮೊದಲು ಕುಸಿಯುವುದು ಕುದುರೆ.

ಮೊದಲ ಸಂಗತಿಯೆಂದರೆ, ಇತಿಹಾಸದಲ್ಲಿ ಕುದುರೆ ಈ ಘಟ್ಟಗಳನ್ನು ಇಳಿದದ್ದಕ್ಕಿಂತ ಹತ್ತಿದ್ದೇ ಹೆಚ್ಚು. ದಕ್ಷಿಣದ ಮಳೆನಾಡು ಕುದುರೆ ತಳಿ ಬೆಳೆಸುವುದಕ್ಕೆ ಹೇಳಿ ಮಾಡಿಸಿದ ನೆಲವಲ್ಲ. ಒದ್ದೆ ನೆಲದಲ್ಲಿ ಗೊರಸು ಮೆತ್ತಗಾಗುತ್ತದೆ, ಕಚ್ಚುವ ನೊಣಗಳಿಂದ ಸರ್ರಾದಂಥ ರಕ್ತದ ರೋಗಗಳು ಅಂಟುತ್ತವೆ, ಮಳೆ ಹೆಚ್ಚಾದ ಕಡೆ ಹುಲ್ಲಿನಲ್ಲಿ ಸತ್ವ ಕಡಿಮೆ. ಹಾಗಾಗಿ ಹೊಯ್ಸಳರ ಕಾಲದಿಂದ ವಿಜಯನಗರದವರೆಗೆ ಒಳನಾಡಿನ ಅರಸರು ಕಡಲಾಚೆಯ ಕುದುರೆಯನ್ನು ಕಾದು ಕೂತರು. ಹಾರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದ ಅರಬಿ ಕುದುರೆಗಳು ಭಟ್ಕಳ, ಹೊನ್ನಾವರ, ಮಂಗಳೂರು, ಗೋವೆಗಳಲ್ಲಿ ಇಳಿದು, ಒಂದಷ್ಟು ದಿನ ಕಾಲು ಚೇತರಿಸಿಕೊಂಡು, ಘಟ್ಟ ಹತ್ತಿದವು. ವಿಜಯನಗರದ ಅರಸ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ. ಕುದುರೆಯ ಬೆಲೆ ಆ ಮಟ್ಟದ್ದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದಲ್ಲಿ ಸುತ್ತಲೂ ಓಡುವ ಪಟ್ಟಿಗಳಲ್ಲಿ ಒಂದು ಪಟ್ಟಿ ಪೂರಾ ಕುದುರೆ ಸವಾರರದೇ. ಮಲೆನಾಡಿನ ಅಂಚಿನಲ್ಲಿ ಕೂತ ಶಿಲ್ಪಿಗಳು ಜೀನು, ಕಡಿವಾಣ, ರಿಕಾಪುಗಳನ್ನು ಅಷ್ಟು ಬಿಡಿಸಿ ಕೆತ್ತಿದ್ದಾರೆಂದರೆ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದರು ಎಂದೇ ಅರ್ಥ.

ಪರದೇಶಿ ಪ್ರಯಾಣಿಕರೂ ಈ ಘಟ್ಟಗಳನ್ನು ಹತ್ತಿ ಇಳಿದಿದ್ದಾರೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆ ದಾರಿಯಲ್ಲಿ ಇಕ್ಕೇರಿಗೆ ಹೋದ. ಆಮೇಲೆ ಮತ್ತೆ ಕರಾವಳಿಗೆ ಇಳಿದು ಮಂಗಳೂರು ಸೀಮೆಗೆ ಬಂದು ಉಳ್ಳಾಲದ ರಾಣಿಯನ್ನು ಕಂಡ. ಅದು ಉತ್ತರದ ಘಟ್ಟಗಳ ಕಥೆ. ನಮ್ಮ ವನಗೂರು ಸೀಮೆಯ ದಾರಿಗಳನ್ನು ತುಳಿದು ಹದ ಮಾಡಿದ್ದು ರಾಯಭಾರಿಗಳಲ್ಲ, ಹೇರೆತ್ತುಗಳು.

ಹೇರೆತ್ತಿನ ಬೆನ್ನಿಗೆ ಎರಡು ಕಡೆ ಚೀಲ ತೂಗುವ ಕಂಠಾಳ ಹಾಕಿ, ಒಂದೊಂದು ಎತ್ತಿಗೆ ಸುಮಾರು 100 ಕಿಲೊ ತೂಕ ಹೇರಿ, ಸಾಲಾಗಿ ಘಟ್ಟ ಇಳಿಸುತ್ತಿದ್ದರು. ಮೇಲಿನಿಂದ ಅಕ್ಕಿ, ಏಲಕ್ಕಿ, ಮೆಣಸು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ. ಮಲೆನಾಡಿನ ಅಡುಗೆಮನೆಯಲ್ಲಿ ಉಪ್ಪಿಲ್ಲದೆ ಒಲೆ ಉರಿಯುವುದಿಲ್ಲವಷ್ಟೆ. ಆ ಉಪ್ಪು ಬರುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ. ಎತ್ತಿನದು ಗಂಟೆಗೆ ಮೂರು ಕಿಲೋಮೀಟರಿನ ನಡಿಗೆ. ತಿಂದದ್ದನ್ನು ಮೆಲುಕು ಹಾಕಲು ಅದಕ್ಕೆ ದಿನಕ್ಕೆ ಹಲವು ಗಂಟೆ ಬಿಡುವು ಬೇಕು. ಹಾಗಾಗಿ ದಿನದ ಪಯಣ ಚಿಕ್ಕದು. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ಸಾಧಾರಣ ನಡಿಗೆಯಲ್ಲೇ ಗಂಟೆಗೆ ಆರು ಕಿಲೋಮೀಟರ್ ಸಾಗಬಲ್ಲದು. ಆದರೆ ಅದರ ಹೊಟ್ಟೆ ಚಿಕ್ಕದು, ಸೂಕ್ಷ್ಮವಾದದ್ದು. ಸ್ವಲ್ಪ ಸ್ವಲ್ಪವೇ ದಿನವಿಡೀ ತಿನ್ನುತ್ತಿರಬೇಕು. ತಿಂದದ್ದು ಕೆಟ್ಟರೆ ವಾಂತಿ ಮಾಡಿ ಹೊರಹಾಕುವ ಶಕ್ತಿ ಅದಕ್ಕಿಲ್ಲ, ಹೊಟ್ಟೆನೋವಿನಿಂದಲೇ ಸಾಯಬಹುದು. ಸೀಳು ಗೊರಸಿನ ಎತ್ತು ಕೆಸರಿನಲ್ಲಿ ಬೆರಳಗಲಿಸಿ ನಿಲ್ಲುವ ಕಡೆ ಒಂಟಿ ಗೊರಸಿನ ಕುದುರೆ ಜಾರುತ್ತದೆ. ಘಟ್ಟದ ಸರಕು ಶತಮಾನಗಳ ಕಾಲ ಎತ್ತಿನ ಪಾಲಾಗಿದ್ದಕ್ಕೆ, ಕುದುರೆ ದಂಡಿನವರ ಮತ್ತು ದೊರೆಗಳ ಪಾಲಾಗಿದ್ದಕ್ಕೆ ಇದೇ ಕಾರಣ.

ದಂಡಿನವರೂ ಇಲ್ಲಿಗೆ ಬಂದರು. ಸಕಲೇಶಪುರದಿಂದ ಐದಾರು ಕಿ.ಮೀ. ದೂರದ ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ ಕಟ್ಟಿಸಿದ. 1792ರಲ್ಲಿ ಮುಗಿದ ಆ ಮಂಜರಾಬಾದ್ ಕೋಟೆ ಮಂಗಳೂರಿನ ದಾರಿಯನ್ನು ಕಾಯಲೆಂದೇ ಕಟ್ಟಿದ್ದು. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಸೀಮೆಯನ್ನಾಳುತ್ತಿದ್ದ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ತಲೆಬಾಗಲಿಲ್ಲ. 1802ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಆರ್ಥರ್ ವೆಲ್ಲೆಸ್ಲಿ ಅರಕೆರೆಯ ಕಾಡುಕೋಟೆಯ ಮೇಲೆ ಬಿದ್ದ. ಫೆಬ್ರುವರಿಯಲ್ಲಿ ನಾಯಕ ಸಿಕ್ಕಿ ಗಲ್ಲಿಗೇರಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ಬಲಂ ಸೀಮೆಯ ಬಲ ಇದ್ದದ್ದು ಕಾಡು ಕಡಿಯದೆ ಬಿಟ್ಟ ಸುತ್ತುಬೇಲಿಗಳಲ್ಲಿ. ಕುದುರೆ ನುಗ್ಗಲಾಗದ ಕಾಡೇ ಅವರ ಕೋಟೆಗೋಡೆ. ಆ ಕಾಡು ಸೀಳಿ ದಾರಿ ಮಾಡಿಸುವುದು ಕಂಪನಿ ಸೈನ್ಯದ ಮೊದಲ ಕೆಲಸಗಳಲ್ಲೊಂದಾಯಿತು.

ಇದೇ ದಾರಿಯ ಕೆಳಬದಿಯಲ್ಲಿ 1837ರಲ್ಲಿ ಇನ್ನೊಂದು ಪಯಣ ನಡೆಯಿತು. ಸುಳ್ಯ, ಬೆಳ್ಳಾರೆ ಕಡೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಪುತ್ತೂರು, ಬಂಟ್ವಾಳದ ಮೇಲೆ ಮಂಗಳೂರಿಗೆ ನಡೆದು ಏಪ್ರಿಲ್ 5ರಂದು ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಊರು ಅವರ ಕೈಲಿತ್ತು. ಘಟ್ಟದ ತಪ್ಪಲಿನಿಂದ ಕಡಲಿಗೆ ಎಷ್ಟು ಬೇಗ ಇಳಿಯಬಹುದೆಂಬುದನ್ನು ಅಮರ ಸುಳ್ಯ ದಂಗೆ ಎಂದು ಹೆಸರಾದ ಈ ಬಂಡಾಯದ ಜನ ಕಂಪನಿಗೆ ತೋರಿಸಿಕೊಟ್ಟರು.

ಆಮೇಲೆ ಬಂದದ್ದು ಕಾಫಿ. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ ಮಂಜರಾಬಾದ್ ಸೀಮೆಯಲ್ಲಿ ಮೊದಲ ಯುರೋಪಿಯನ್ ತೋಟ ಹಾಕಿದ. ಹದಿಮೂರು ವರ್ಷದ ನಂತರ ಅದೇ ಸೀಮೆಗೆ ಬಂದು ನೆಲೆ ನಿಂತ ರಾಬರ್ಟ್ ಎಲಿಯಟ್ ತನ್ನ ತೋಟದ ಬದುಕನ್ನು 1871 ಮತ್ತು 1894ರ ಪುಸ್ತಕಗಳಲ್ಲಿ ಬರೆದಿದ್ದಾನೆ. ಆ ಕಾಲದ ತೋಟದ ದೊರೆಗೆ ಕಡಲು ದಾರಿಯ ತುದಿ, ತಟ್ಟುಕುದುರೆ ವಾಹನ. ಕಾಫಿಯೂ ಆ ಕಡೆಗೇ ಇಳಿಯಬೇಕಿತ್ತು. ಕಾರಣ ಹಡಗು ಮಾತ್ರವಲ್ಲ. ಮಲೆನಾಡಿನ ಮಂಜಿನಲ್ಲಿ ಬೀಜ ಗರಿಗರಿಯಾಗಿ ಒಣಗುವುದಿಲ್ಲ, ಕರಾವಳಿಯ ಬೇಸಿಗೆ ಬಿಸಿಲು ಬೇಕು. ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆಯ ಕಾರ್ಖಾನೆಗಳು ಎದ್ದದ್ದು ಹಾಗೆ. ಘಟ್ಟದ ಸರಕು ಬಂಟ್ವಾಳದವರೆಗೆ ನೆಲದ ಮೇಲೆ ಬಂದು, ಅಲ್ಲಿಂದ ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರು ಸೇರುತ್ತಿತ್ತು. ವಾಪಸಾಗುವಾಗ ಮಂಗಳೂರು ಹೆಂಚು ಘಟ್ಟ ಹತ್ತಿತು. ಇವತ್ತಿಗೂ ವನಗೂರು, ಯಸಳೂರು, ಆಲೂರು ಕಡೆಯ ಹಳೆ ಮನೆಗಳ ಮಾಡಿನ ಮೇಲೆ ಆ ಹೆಂಚುಗಳಿವೆ.

ಇಷ್ಟೆಲ್ಲ ಹಿನ್ನೆಲೆಯಿಂದ ಒಂದು ಮಾತು ನನಗೆ ಖಚಿತವಾಗುತ್ತದೆ. ಈ ದಾರಿಯಲ್ಲಿ ಕುದುರೆ ಸವಾರಿ ನಡೆಸುವುದಾದರೆ ದಿನದ ಲೆಕ್ಕವನ್ನು ಪ್ರಾಣಿಯಿಂದ ಶುರು ಮಾಡಬೇಕು, ಪ್ರವಾಸಿಯ ರಜೆಯಿಂದ ಅಲ್ಲ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ ಸಂಜೆ ಕಡಲು ನೋಡಬೇಕೆನ್ನುವವರು ರೈಲು ಹತ್ತಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ, 100ಕ್ಕೂ ಹೆಚ್ಚು ಸೇತುವೆ ಇವೆ. 1979ರಲ್ಲಿ ಮೀಟರ್‌ಗೇಜಾಗಿ ಶುರುವಾದ ಆ ದಾರಿಯಷ್ಟು ಚಂದದ ರೈಲು ಪಯಣ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಕುದುರೆಗೆ ಆರು ದಿನ ಬೇಕೇ ಬೇಕು, ನಡುವೆ ಒಂದು ದಿನ ಬಿಡುವು ಸಿಕ್ಕರೆ ಇನ್ನೂ ಒಳ್ಳೆಯದು.

ಯಾವ ಕುದುರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಬೆಂಗಳೂರು, ಮೈಸೂರಿನಲ್ಲಿ ಸುಲಭವಾಗಿ ಸಿಗುತ್ತವೆ. ನೋಡಲು ಎತ್ತರ, ಹತ್ತಿದರೆ ಠೀವಿ. ಆದರೆ ಅವುಗಳ ತೊಗಲು ತೆಳು, ಗೊರಸು ಮೃದು, ಸ್ವಭಾವ ಬೆದರು. ಬಿಸ್ಲೆ ಘಟ್ಟಕ್ಕೆ ಅವು ಬೇಡ. ಮಲೆನಾಡು ತನಗೊಪ್ಪುವ ದನವನ್ನು ತಾನೇ ರೂಪಿಸಿಕೊಂಡಿದೆ: ಮಲೆನಾಡು ಗಿಡ್ಡ. ಚಿಕ್ಕ ಮೈ, ಗಟ್ಟಿ ಗೊರಸು, ಮಳೆಗೆ ಅಂಜದ ಚರ್ಮ. ಕುದುರೆಯಲ್ಲೂ ಆ ಮೈಕಟ್ಟಿನದೇ ಬೇಕು. ಗಿಡ್ಡನೆಯ, ಎದೆ ಅಗಲವಾದ, ಕಪ್ಪು ಗಟ್ಟಿ ಗೊರಸಿನ ತಟ್ಟು ಅಥವಾ ದಖನಿ, ಕಾಠಿಯಾವಾಡಿ ರಕ್ತದ ಕುದುರೆ. ಆಫ್ರಿಕಾದ ಲೆಸೊಥೊ ಎಂಬ ಬೆಟ್ಟದ ನಾಡಿನಲ್ಲಿ ಬಾಸೊಥೊ ತಟ್ಟುಗಳ ಮೇಲೆ ಹಳ್ಳಿಯಿಂದ ಹಳ್ಳಿಗೆ ದಿನಗಟ್ಟಲೆ ಸವಾರಿ ಮಾಡಿಸುತ್ತಾರೆ. ಆ ಪ್ರಾಣಿ ಅಲ್ಲಿಯ ಕಲ್ಲುದಾರಿಯಲ್ಲೇ ಬೆಳೆದದ್ದು, ಹಳ್ಳಿಯವರ ಮನೆಯದ್ದು. ಅಲ್ಲಿ ಆ ಸವಾರಿ ಉಳಿದು ನಿಂತಿರುವುದೇ ಆ ಕಾರಣಕ್ಕೆ.

ಗಿಡ್ಡ ಕುದುರೆ ಎಂದಾಗ ಹೊರೆಯ ಲೆಕ್ಕ ಬರುತ್ತದೆ. ಮೈತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೇರಬಾರದೆಂಬುದು ಬಲ್ಲವರ ಮಾತು. 350 ಕಿಲೊ ತೂಗುವ ತಟ್ಟಿಗೆ ಅದು 70 ಕಿಲೊ. ಅದರಲ್ಲಿ ಜೀನು, ಕಂಬಳಿ, ನೀರಿನ ಬಾಟಲಿ ಎಲ್ಲ ಸೇರಿ ಹನ್ನೆರಡು ಕಿಲೊ ಹೋದರೆ ಸವಾರನಿಗೆ ಉಳಿಯುವುದು 58. ನಮ್ಮಲ್ಲಿ ಬಹುಪಾಲು ಗಂಡಸರು ಆ ತೂಕದಲ್ಲಿ ಸಿಗುವುದಿಲ್ಲ. ಹಾಗಾದರೆ ಸ್ವಲ್ಪ ದೊಡ್ಡ ಕುದುರೆ ಬೇಕು, ಇಲ್ಲವೇ ಸವಾರ ದಿನದಲ್ಲಿ ಒಂದಷ್ಟು ಹೊತ್ತು ಇಳಿದು ನಡೆಯಬೇಕು. ನಡೆಯಲು ಒಪ್ಪದವರನ್ನು ಕರೆದೊಯ್ಯಬಾರದು. 2022ರ ಕೇದಾರನಾಥ ಯಾತ್ರೆಯ ಮೊದಲ ವಾರಗಳಲ್ಲೇ ನೂರಕ್ಕೂ ಹೆಚ್ಚು ಕುದುರೆ, ಹೇಸರಗತ್ತೆಗಳು ಸತ್ತಿದ್ದನ್ನು ದೇಶವೇ ನೋಡಿತು. ಬಿಡುವಿಲ್ಲದ ದುಡಿತ, ಮಿತಿಮೀರಿದ ಹೊರೆ, ಬಿಸಿನೀರೂ ಮೇವೂ ಇಲ್ಲದ ಚಳಿ ಅವನ್ನು ಕೊಂದವು. ಮಲೆನಾಡಿಗೆ ಆ ಪಾಪ ಅಂಟಬಾರದು.

ಕಾಲ ಯಾವುದು? ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತೇ ಬೇಡ: ಮಳೆ, ಇಂಬಳ, ಕುಸಿಯುವ ಧರೆ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹದವಾದ ಕಾಲ. ಆ ಹೊತ್ತಿಗೆ ತೋಟಗಳಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ, ಕಣದಲ್ಲಿ ಹಣ್ಣು ಹರವಿರುತ್ತಾರೆ, ಗದ್ದೆ ಕೊಯ್ದು ಹುಲ್ಲಿನ ಮೆದೆ ಒಟ್ಟಿರುತ್ತಾರೆ. ಆದರೆ ಭತ್ತದ ಒಣಹುಲ್ಲು ಕುದುರೆಗೆ ಪೂರ್ತಿ ಊಟವಲ್ಲ. ನೆನೆಸಿದ ಹುರುಳಿ, ಬೂಸಾ, ಒಳ್ಳೆ ಒಣಮೇವು ಮೊದಲೇ ಪಿಕಪ್ ಗಾಡಿಯಲ್ಲಿ ತಂಗುವ ಊರಿಗೆ ಹೋಗಿರಬೇಕು. ದಿನಕ್ಕೆ 25ರಿಂದ 40 ಲೀಟರ್ ನೀರು. ಬೆವರಿನಲ್ಲಿ ಕಳೆದುಕೊಂಡದ್ದಕ್ಕೆ ಉಪ್ಪು, ಒಂದು ಹಿಡಿಗೆ ಕಡಿಮೆಯಿಲ್ಲ. ಹಿಂದೆ ಉಪ್ಪು ಘಟ್ಟ ಹತ್ತಿ ಬರುತ್ತಿತ್ತು, ಈಗ ಮೇಲಿನಿಂದಲೇ ಚೀಲದಲ್ಲಿ ಕಟ್ಟಿಕೊಂಡು ಇಳಿಯಬೇಕು.

ಮೊದಲ ದಿನ ವನಗೂರಿನಿಂದ ಬಿಸ್ಲೆಗೆ. ದೂರ ಹೆಚ್ಚಿಲ್ಲ, ಹೆಚ್ಚಿರಲೂಬಾರದು. ಸವಾರ ಮತ್ತು ಕುದುರೆ ಒಬ್ಬರ ಮೈ ಒಬ್ಬರಿಗೆ ಗುರುತಾಗುವ ದಿನ ಅದು. ಕಾಫಿ ತೋಟದ ಬೇಲಿ, ನಡುವೆ ಹುಲ್ಲಿನ ಬಾಣೆ, ತಗ್ಗಿನಲ್ಲಿ ಗದ್ದೆ. ದಾರಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ಗುರುತುಗಲ್ಲಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ. ಎಂಥ ಅವಸರದ ಪಯಣದವನೂ ಇಲ್ಲಿ ಕುದುರೆ ನಿಲ್ಲಿಸಿ ಎರಡೂ ಕಡೆ ನೋಡಬೇಕು. ಭೂಮಿ ಅಷ್ಟೇನೂ ಎದ್ದು ಕಾಣುವುದಿಲ್ಲ. ಸಾಮಾನ್ಯ ದಿಣ್ಣೆಯೊಂದು ಎರಡು ಕಡಲುಗಳನ್ನು ಬೇರೆ ಮಾಡುತ್ತಿದೆ. ಈಗ ಆ ನಿಯಮವನ್ನೂ ಮನುಷ್ಯ ಬದಲಿಸಿದ್ದಾನೆ. ಸಕಲೇಶಪುರ ತಾಲ್ಲೂಕಿನಲ್ಲಿ ಪಡುವಣಕ್ಕೆ ಹರಿಯುವ ಹಳ್ಳಗಳ ನೀರನ್ನು ಪಂಪಿನಲ್ಲಿ ಎತ್ತಿ ಮೂಡಣಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಬಯಲುಸೀಮೆಯ ಬಾಯಾರಿಕೆ ನಿಜ. ಆದರೆ ಪೈಪು ಹೂಳಲು ಬಗೆದ ಗುಡ್ಡಗಳ ಗಾಯವೂ ನಿಜ, ಕುದುರೆಯ ಎತ್ತರದಿಂದ ನೋಡಿದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಈ ಸೀಮೆಯಲ್ಲಿ ಸವಾರಿಯ ಹೊತ್ತನ್ನು ನಿರ್ಧರಿಸುವುದು ಆನೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಹಿಂಡುಗಳು ವರ್ಷವಿಡೀ ಓಡಾಡುತ್ತವೆ. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಸತ್ತದ್ದು ವನಗೂರಿಗೆ ದೂರವಲ್ಲದ ಯಸಳೂರಿನ ಕಾಡಂಚಿನಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ. ಅಂಥ ಅನುಭವಿ ಆನೆಗೇ ಆ ಗತಿಯಾದ ಕಡೆ ಕುದುರೆಯ ಪಾಡೇನು? ಕುದುರೆಗೆ ಹುಟ್ಟಿನಿಂದ ಬಂದ ರಕ್ಷಣೆ ಒಂದೇ, ಓಡುವುದು. ಆನೆಯ ವಾಸನೆ ಬಡಿದರೆ ಬೆನ್ನ ಮೇಲೆ ಯಾರಿದ್ದಾರೆಂದು ಅದು ನೋಡುವುದಿಲ್ಲ. ಆದ್ದರಿಂದ ಬೆಳಗ್ಗೆ ಮಂಜು ಕರಗಿದ ಮೇಲೆ ಹೊರಟು ಮೂರು ಗಂಟೆಯೊಳಗೆ ತಂಗುದಾಣ ಸೇರಬೇಕು. ಮುಂದೆ ನಡೆಯುವವನು ಆ ಊರಿನವನೇ ಆಗಿರಬೇಕು. ಹಿಂಡು ಯಾವ ತೋಟದಲ್ಲಿದೆ ಎಂಬ ಸುದ್ದಿ ಇಲ್ಲಿ ಬೆಳಕು ಹರಿಯುವಷ್ಟರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿರುತ್ತದೆ, ಅದು ಹೊರಗಿನವನಿಗೆ ಮುಟ್ಟುವುದಿಲ್ಲ.

ಎರಡನೇ ದಿನವೇ ಇಡೀ ಪಯಣದ ಜೀವಾಳ. ಬಿಸ್ಲೆಯ ವೀಕ್ಷಣಾ ಗೋಪುರದ ಬಳಿ ನಿಂತರೆ ಎದುರಿಗೆ ಕಣಿವೆ, ಆಚೆ 1712 ಮೀಟರಿನ ಪುಷ್ಪಗಿರಿ, ಅದರ ಬುಡದವರೆಗೂ ಬಿಡುವಿಲ್ಲದ ಕಾಡು. ಪುಷ್ಪಗಿರಿ ವನ್ಯಧಾಮ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಇಲ್ಲಿಂದ ಕುಲ್ಕುಂದಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ ಸುಮಾರು 800 ಮೀಟರ್ ಇಳಿಯಬೇಕು. ಕಾಡೆಲ್ಲ ಮೀಸಲು ಅರಣ್ಯ. ರಸ್ತೆ ಬಿಟ್ಟು ಹಳೆ ಕಾಲುದಾರಿಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಗದಿದ್ದರೆ ರಸ್ತೆಯಲ್ಲೇ ಇಳಿಯುವುದು, ಅದರಲ್ಲಿ ಬೇಸರವೇನಿಲ್ಲ. ಮರಗಳು ಎರಡೂ ಕಡೆಯಿಂದ ಬಾಗಿ ದಾರಿಗೆ ನೆರಳು ಕಟ್ಟಿವೆ.

ಹೊರಡುವ ಮೊದಲು ಜೀನನ್ನು ಇನ್ನೊಮ್ಮೆ ನೋಡಬೇಕು. ಸಮತಟ್ಟಿನಲ್ಲಿ ಸರಿಯಾಗಿ ಕೂತ ಜೀನು ಇಳಿಜಾರಿನಲ್ಲಿ ಮುಂದಕ್ಕೆ ಸರಿದು ಹೆಗಲಿನ ಮೂಳೆ ಉಜ್ಜುತ್ತದೆ. ಅದಕ್ಕೇ ಜೀನಿನ ಹಿಂದಿನಿಂದ ಬಾಲದ ಬುಡಕ್ಕೆ ಒಂದು ಮೆತ್ತನೆಯ ಪಟ್ಟಿ ಕಟ್ಟುತ್ತಾರೆ. ಹೊಟ್ಟೆಪಟ್ಟಿ ಬಿಗಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು, ಮೂರು ಹೋಗಬಾರದು. ನಿಂತಾಗಲೇ ಕುದುರೆಯ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲಿನ ಮೇಲಿರುತ್ತದೆ, ಇಳಿಯುವಾಗ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಮನುಷ್ಯನೂ ಕೂತರೆ ಮಂಡಿ, ಗೆಣ್ಣು, ಗೊರಸುಗಳ ಪಾಡು ಹೇಳತೀರದು. ಆದ್ದರಿಂದ ಕಡಿದಾದ ತಿರುವುಗಳಲ್ಲಿ ಸವಾರ ಇಳಿದು ಎಡಬದಿಯಲ್ಲಿ ನಡೆಯಬೇಕು. ಲಗಾಮು ಸಡಿಲ, ಕುದುರೆಯ ತಲೆ ಸ್ವತಂತ್ರ. ತಲೆ ತಗ್ಗಿಸಿ ನೆಲ ನೋಡಿ ಹೆಜ್ಜೆ ಇಡಲು ಬಿಟ್ಟರೆ ಅದು ತಾನೇ ಜಾಗ ಹುಡುಕಿಕೊಳ್ಳುತ್ತದೆ, ಎಳೆದು ತಲೆ ಎತ್ತಿಸಿದರೆ ಮುಗ್ಗರಿಸುತ್ತದೆ. ಕಬ್ಬಿಣದ ಲಾಳ ನುಣುಪಾದ ಡಾಂಬರಿನ ಮೇಲೆ ಜಾರುವುದರಿಂದ ರಸ್ತೆಯ ಅಂಚಿನ ಮಣ್ಣಿನಲ್ಲೇ ನಡೆಸಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ, ಗೊರಸಿನ ಮೇಲಿನ ಕೀಲನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಒಂದು ಕಾಲು ಉಳಿದ ಮೂರಕ್ಕಿಂತ ಬಿಸಿಯಾಗಿದ್ದರೆ ಆ ಕುದುರೆಯ ಸವಾರಿ ಅವತ್ತಿಗೆ ಮುಗಿಯಿತು.

ಘಟ್ಟದ ನಡುವೆ ಬೂದಿ ಚೌಡಿಯ ಗುಡಿಯಿದೆ. ವಾಹನದವರು ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಹಾಸನದ ಸೀಮೆ ಮುಗಿದು ದಕ್ಷಿಣ ಕನ್ನಡ ಶುರುವಾಗುವ ಕಡೆ ದೈವವೊಂದು ಇರುವುದು ಹಳೆ ಪಯಣಿಗರ ಭಯ, ಭಕ್ತಿ ಎರಡನ್ನೂ ಹೇಳುತ್ತದೆ. ಅಲ್ಲಿಂದ ಇಳಿದಂತೆ ಗಾಳಿ ಬದಲಾಗುತ್ತದೆ. ಮೇಲಿನ ತಂಪು ಕಳಚಿ ಸೆಕೆ ಮೈಗೆ ಹತ್ತುತ್ತದೆ, ಕುದುರೆಯ ಕುತ್ತಿಗೆ ಬೆವರಲು ಶುರುವಾಗುತ್ತದೆ, ಕಾಫಿ ಮುಗಿದು ಅಡಿಕೆ ತೋಟಗಳು ಕಾಣುತ್ತವೆ.

ಕುಲ್ಕುಂದ ಈ ದಾರಿಯ ಹಳೆ ಸಂತೆಮಾಳ. ಷಷ್ಠಿಯ ಹೊತ್ತಿಗೆ ಇಲ್ಲಿ ನಡೆಯುತ್ತಿದ್ದ ಜಾನುವಾರು ಜಾತ್ರೆಗೆ ಘಟ್ಟದ ಮೇಲಿನ ಗೌಡರು ಹೋರಿ, ಎತ್ತುಗಳನ್ನು ಹೊಡೆದುಕೊಂಡು ಬಿಸ್ಲೆ ಇಳಿದು ಬರುತ್ತಿದ್ದರು. ಉಳಲು ಜೋಡೆತ್ತು ಬೇಕಾದ ಕರಾವಳಿಯ ರೈತರು ಅಲ್ಲಿ ಕೊಳ್ಳುತ್ತಿದ್ದರು. ಟಿಲ್ಲರ್ ಬಂದಂತೆ, ಕೆಳಗಿನ ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದಂತೆ ಆ ಜಾತ್ರೆಯ ಹಿಂದಿನ ಭರಾಟೆ ಹೋಯಿತು. ಕುಮಾರಧಾರೆಯಲ್ಲಿ ಮಿಂದು ಸುಬ್ರಹ್ಮಣ್ಯನಿಗೆ ಹರಕೆ ಒಪ್ಪಿಸಿ, ಮಾರಿದ ದುಡ್ಡು ಸೊಂಟಕ್ಕೆ ಕಟ್ಟಿ ಘಟ್ಟ ಹತ್ತುತ್ತಿದ್ದವರ ಮೊಮ್ಮಕ್ಕಳು ಈಗ ಅದೇ ದೇವರಿಗೆ ಕಾರಿನಲ್ಲಿ ಬರುತ್ತಾರೆ. ಕುದುರೆಗಳಿಗೆ ಒಂದು ಪೂರ್ತಿ ದಿನದ ಬಿಡುವು ಕೊಡುವುದಿದ್ದರೆ ಇಲ್ಲೇ ಕೊಡಬೇಕು. ಘಟ್ಟ ಇಳಿದ ಮಾರನೆಯ ದಿನ ಕಾಲುಗಳ ನಿಜ ಸಂಗತಿ ಗೊತ್ತಾಗುತ್ತದೆ.

ಉಳಿದ ದಾರಿ ತಗ್ಗು ದಿಣ್ಣೆಗಳದ್ದು. ಗುಂಡ್ಯದ ಕಡೆ ತಿರುಗಿ ರಾಷ್ಟ್ರೀಯ ಹೆದ್ದಾರಿ 75 ಹಿಡಿಯುವ ತಪ್ಪು ಮಾಡಬಾರದು, ಲಾರಿಗಳ ನಡುವೆ ಕುದುರೆಗೆ ಜಾಗವಿಲ್ಲ. ಕಡಬ, ಆಲಂಕಾರು, ಕೊಯಿಲದ ದಾರಿಯೇ ಸರಿ. ಇಲ್ಲಿ ನೆಲ ಮುರಕಲ್ಲಿನದು. ಹರಳು ಹರಳಾದ ಕೆಂಪು ಜಲ್ಲಿ ಗೊರಸಿನ ಅಡಿಯ ಮೆತ್ತನೆ ಭಾಗಕ್ಕೆ ಚುಚ್ಚಿ ಕೂರುತ್ತದೆ. ಸಂಜೆ ಕೊಕ್ಕೆ ಹಿಡಿದು ನಾಲ್ಕೂ ಗೊರಸು ಕೆರೆದು ಶುಚಿ ಮಾಡದೆ ಯಾರೂ ಊಟಕ್ಕೆ ಕೂರಬಾರದು. ಕೊಯಿಲದಲ್ಲಿ ಸರ್ಕಾರದ ದೊಡ್ಡ ಜಾನುವಾರು ಕ್ಷೇತ್ರವಿದೆ. ಮಲೆನಾಡು ಗಿಡ್ಡ ತಳಿಯನ್ನು ಅಲ್ಲಿ ಕಾಪಾಡುತ್ತಿದ್ದಾರೆ. ಪ್ರಾಣಿಗಳ ಮೇಲೆ ಪ್ರೀತಿಯಿಟ್ಟು ಈ ದಾರಿ ಹಿಡಿದವರು ಅದನ್ನು ನೋಡದೆ ದಾಟಬಾರದು.

ಈ ಆರು ದಿನಗಳಲ್ಲಿ ಸವಾರನಿಗೆ ಸಿಗುವ ಇನ್ನೊಂದು ಸಂಪತ್ತು ಮಾತು ಮತ್ತು ಊಟ. ವನಗೂರಿನಲ್ಲಿ ಹಾಸನ ಸೀಮೆಯ ಕನ್ನಡ, ಅಕ್ಕಿರೊಟ್ಟಿ, ಕಡುಬು. ಕುಕ್ಕೆ ದಾಟಿದರೆ ಗೌಡರ ಮನೆಗಳಲ್ಲಿ ಅರೆಭಾಷೆ, ಅಂಗಳದಲ್ಲಿ ತುಳು, ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ. ಉಪ್ಪಿನಂಗಡಿಯ ಪೇಟೆಯಲ್ಲಿ ಬ್ಯಾರಿ, ಬಂಟ್ವಾಳದಲ್ಲಿ ಕೊಂಕಣಿ. ಕಾರಿನಲ್ಲಿ ಹೋದರೆ ಇವೆಲ್ಲ ಕಿಟಕಿಯಾಚೆಗೆ ಉಳಿಯುತ್ತವೆ. ಕುದುರೆ ಹಿಡಿದು ಅಂಗಳಕ್ಕೆ ಬಂದವನಿಗೆ ಮೊದಲು ನೀರು ಬೇಕು, ಆಮೇಲೆ ಮೇವು, ಆಮೇಲೆ ಜಾಗ. ಕೇಳದೆ ವಿಧಿಯಿಲ್ಲ, ಕೇಳಿದರೆ ಮಾತು ಬೆಳೆಯುತ್ತದೆ. ಮನೆಯ ಮಕ್ಕಳು ಹುರುಳಿ ಹಿಡಿದು ನಿಲ್ಲುತ್ತಾರೆ, ಅಜ್ಜ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ. ಈ ಪಯಣದಿಂದ ಬರುವ ಹಣ ಅಂಥ ಮನೆಗಳಿಗೂ ಮುಟ್ಟುವಂತಿರಬೇಕು. ವನಗೂರಿನ ಹುಡುಗರು ದಾರಿ ತೋರುವವರಾಗಿ, ಕಡಬದ ಮನೆಗಳು ತಂಗುದಾಣಗಳಾಗಿ, ಲಾಳ ಕಟ್ಟುವ ಕೈಗಳಿಗೆ ಮತ್ತೆ ಕೆಲಸ ಸಿಕ್ಕರೆ ಮಾತ್ರ ಇದನ್ನು ಒಪ್ಪಿಕೊಳ್ಳುವುದಕ್ಕೆ ಅರ್ಥವಿದೆ.

ಬಂಟ್ವಾಳದಿಂದ ಉಳ್ಳಾಲದವರೆಗಿನ ಕೊನೆಯ ಹಂತ ಪೇಟೆ, ಫ್ಲೈಓವರ್, ಹಾರನ್ನಿನದು. ತುಂಬೆಯ ಅಣೆಕಟ್ಟಿನ ಹಿಂದೆ ನಿಂತ ನೀರು ಮಂಗಳೂರಿನ ಕುಡಿಯುವ ನೀರು, ಅದರಾಚೆ ಹೊಳೆ ಅಗಲವಾಗುತ್ತ ಉಪ್ಪಾಗುತ್ತದೆ. ನಸುಕಿನಲ್ಲೇ ಹೊರಟು ಒಳರಸ್ತೆಗಳಲ್ಲಿ ದಾಟಿಬಿಡಬೇಕು. ಕಡಲ ದಂಡೆಯಲ್ಲಿ ಕುದುರೆಯನ್ನು ನಾಗಾಲೋಟಕ್ಕೆ ಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಸಡಿಲ ಮರಳಿನಲ್ಲಿ ಓಡಿದರೆ ಆರು ದಿನ ದುಡಿದ ಕಾಲಿನ ಸ್ನಾಯುರಜ್ಜು ಹರಿಯಬಹುದು. ಅಲೆ ಬಂದು ಹೋದ ಒದ್ದೆ ಗಟ್ಟಿ ಮರಳಿನ ಮೇಲೆ ನಡೆಸಬಹುದು. ಸಮುದ್ರವನ್ನೇ ಕಾಣದ ಕುದುರೆ ಮೊದಲು ಅಲೆಗೆ ಬೆದರುತ್ತದೆ, ಒತ್ತಾಯ ಮಾಡಬಾರದು. ಉಪ್ಪುನೀರಿನಲ್ಲಿ ಮೊಣಕಾಲುದ್ದ ಹತ್ತು ನಿಮಿಷ ನಿಂತರೆ ಕಾಲಿನ ಬಿಸಿ ಇಳಿಯುತ್ತದೆ. ಆಮೇಲೆ ಸಿಹಿನೀರಿನಲ್ಲಿ ತೊಳೆಯಲೇಬೇಕು, ಇಲ್ಲವಾದರೆ ಜೀನಿನ ಜಾಗದಲ್ಲಿ ಹುಣ್ಣಾಗುತ್ತದೆ.

ಇಂಥ ಸವಾರಿಗೆ ದುಡ್ಡು ಕಟ್ಟುವ ಮೊದಲು ಸಂಘಟಕರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಜನ ಮರೆಯುವುದು ಒಂದನ್ನು: ಕುದುರೆಗಳು ವಾಪಸ್ ಹೋಗುವುದು ಹೇಗೆ? ಹಿಂದೆ ಎತ್ತುಗಳು ಉಪ್ಪು ಹೇರಿಕೊಂಡು ನಡೆದೇ ಹತ್ತುತ್ತಿದ್ದವು, ಆದರೆ ಕೆಳಗೆ ಸಾಕಷ್ಟು ದಿನ ಮೇದು ಸುಧಾರಿಸಿಕೊಂಡ ಮೇಲೆ. ಕುದುರೆಗಳಿಗೆ ಕರಾವಳಿಯಲ್ಲಿ ಕನಿಷ್ಠ ಎರಡು ದಿನ ವಿಶ್ರಾಂತಿ ಬೇಕು. ಸವೆದ ಲಾಳ ತೆಗೆಸಿ, ಪಶುವೈದ್ಯರಿಗೆ ತೋರಿಸಿ, ಗ್ಲ್ಯಾಂಡರ್ಸ್‌ನಂಥ ರೋಗ ಇಲ್ಲವೆಂಬ ಪತ್ರ ಕೈಯಲ್ಲಿಟ್ಟುಕೊಂಡು, ನೆಲಕ್ಕೆ ರಬ್ಬರ್ ಹಾಸಿದ, ತಲೆ ಕಟ್ಟಲು ಜಾಗವಿರುವ ಲಾರಿಯಲ್ಲಿ ಶಿರಾಡಿ ಘಟ್ಟದ ಮೇಲೆ ಹಗಲಿನಲ್ಲೇ ಸಾಗಿಸಬೇಕು. ಮುಂದಿನ ತಂಡ ವನಗೂರಿನಲ್ಲಿ ಕಾಯುತ್ತಿದೆ ಎಂದು ಅದೇ ರಾತ್ರಿ ಹತ್ತಿಸಿ, ಮಾರನೇ ಬೆಳಗ್ಗೆ ಮತ್ತೆ ಜೀನು ಬಿಗಿಯುವವರಾದರೆ ಅವರ ಜೊತೆ ಹೊರಡಬೇಡಿ.